ಬ್ಯಾಂಡ್‌ಗೊಂದು ರೆಕಾರ್ಡಿಂಗ್ ಕೋಣೆ: ಮೊದಲು ಎಣಿಸಿ, ಆಮೇಲೆ ಕೊಳ್ಳಿ

ಬ್ಯಾಂಡ್ ಹುಡುಗರು ದುಡ್ಡು ಸೇರಿಸಿ ಸ್ಟುಡಿಯೋ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ. ಮೊದಲು ಸಣ್ಣ ಸದ್ದನ್ನೂ ಹಿಡಿಯುವ, ಫಳಫಳ ಹೊಳೆಯುವ ಕಂಡೆನ್ಸರ್ ಮೈಕ್ ಬರುತ್ತದೆ. ಆಮೇಲೆ ಗೋಡೆಗೆ ನೀಲಿ ಲೈಟು. ಡ್ರಮ್ಮರ್ ಬಂದು ಕೂತ ದಿನ ಗೊತ್ತಾಗುತ್ತದೆ, ಮೈಕ್ ಚುಚ್ಚಲು ಇರುವುದು ಎರಡೇ ತೂತು! ಇದನ್ನು ಮೂರು ಬ್ಯಾಂಡ್‌ಗಳಲ್ಲಿ ನೋಡಿದ್ದೇನೆ. ಅದರಲ್ಲೊಂದು ನನ್ನದೇ.

ಹೆಜ್ಜೆ 1: ಹಾಳೆ, ಪೆನ್ನು

ಎಲ್ಲರೂ ಒಟ್ಟಿಗೆ ನುಡಿಸುವಾಗ ಎಷ್ಟು ಕಡೆಯಿಂದ ಸದ್ದು ಹಿಡಿಯಬೇಕು ಅಂತ ಬರೆಯಿರಿ. ಡ್ರಮ್ಸ್‌ಗೆ ಕನಿಷ್ಠ ನಾಲ್ಕು: ಕಿಕ್‌ಗೆ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಒಂದು, ಸ್ನೇರ್‌ಗೆ (ಚುರುಕು ಸದ್ದಿನ ಚಿಕ್ಕ ಡ್ರಮ್) ಒಂದು, ಮೇಲಿನಿಂದ ಎರಡು. ಬೇಸ್ ಒಂದು, ಗಿಟಾರ್ ಎರಡು, ಹಾಡುವವರಿಗೆ ಒಂದು. ಎಂಟಾಯಿತು. ಕೀಬೋರ್ಡ್‌ನ ಎಡ-ಬಲ ಸೇರಿದರೆ ಹತ್ತು. ತಬಲಾ ಇದ್ದರೆ ಇನ್ನೂ ಎರಡು.

ಹೆಜ್ಜೆ 2: ಇಂಟರ್‌ಫೇಸ್

ಎಲ್ಲರೂ ಎಡವುವುದು ಇಲ್ಲೇ. ಮೈಕ್‌ನ ಸದ್ದನ್ನು ಕಂಪ್ಯೂಟರ್‌ಗೆ ತಲುಪಿಸುವ ಪೆಟ್ಟಿಗೆ ಇದು. ಇದರ ಹೆಸರಲ್ಲಿರುವ ಅಂಕಿ ನಂಬಿ ಕೊಳ್ಳಬೇಡಿ. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20 ಅಂದರೆ ಒಳಗೆ ಬರಲು 18 ದಾರಿ, ಹೊರಗೆ ಹೋಗಲು 20. ಹಾಗಂತ 18 ಮೈಕ್ ಹಾಕಬಹುದು ಅಂದುಕೊಂಡರೆ ಕೆಟ್ಟಿರಿ. ಮೈಕ್‌ನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಪ್ರೀಆಂಪ್ ಎಂಟೇ. ಇನ್ನೆಂಟು ಅಡಾಟ್ ಎಂಬ ಆಪ್ಟಿಕಲ್ ಕಿಂಡಿಯಿಂದ ಬರಬೇಕು, ಉಳಿದೆರಡು ಎಸ್‌ಪಿಡಿಐಎಫ್ ಎಂಬ ಇನ್ನೊಂದು ಡಿಜಿಟಲ್ ಕಿಂಡಿಯಿಂದ. ಅದೇ ಸಾಲಿನ 4ಐ4ರಲ್ಲಿ ಮೈಕ್ ಪ್ರೀಆಂಪ್ ಎರಡೇ. ಅಂಗಡಿಯಲ್ಲಿ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ, ಮೈಕ್ ವೈರ್ ಹೋಗುವ ತೂತುಗಳನ್ನು ಬೆರಳಿಟ್ಟು ಎಣಿಸಿ. ನಾಚಿಕೆ ಬೇಡ.

‘ಈಗ ಎರಡು ಮೈಕಿನದ್ದು ತಗೊಳ್ಳೋಣ, ಮುಂದೆ ಇನ್ನೊಂದು ತಂದು ಜೋಡಿಸೋಣ’ ಅನ್ನುತ್ತೀರಾ? ನಾವು ಮಾಡಿದ ತಪ್ಪು ಇದೇ. ವಿಂಡೋಸ್‌ನಲ್ಲಿ ರೆಕಾರ್ಡಿಂಗ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಆಸಿಯೋ ಡ್ರೈವರ್ (ಪೆಟ್ಟಿಗೆಯನ್ನು ಸಾಫ್ಟ್‌ವೇರ್‌ಗೆ ಬೆಸೆಯುವ ಪ್ರೋಗ್ರಾಂ) ಹಿಡಿಯುತ್ತದೆ. ಮ್ಯಾಕ್‌ನಲ್ಲಿ ಎರಡನ್ನೂ ಸೇರಿಸಿ ಒಂದೇ ಎಂಬಂತೆ ಬಳಸಬಹುದು. ಆದರೆ ಒಂದೊಂದು ಪೆಟ್ಟಿಗೆಗೂ ಸದ್ದನ್ನು ಅಳೆಯುವ ವೇಗ ಕಾಯಲು ಅದರದ್ದೇ ಗಡಿಯಾರ. ಅವನ್ನು ಸರಿಹೊಂದಿಸದಿದ್ದರೆ ಬರಬರುತ್ತಾ ತಾಳ ಸರಿಯುತ್ತದೆ. ಅಡಾಟ್ ಕಿಂಡಿ ಇದ್ದರೆ ಈ ತಲೆನೋವು ಕಡಿಮೆ. ಎಂಟು ಪ್ರೀಆಂಪಿನ ಇನ್ನೊಂದು ಪೆಟ್ಟಿಗೆಯನ್ನು ಆಪ್ಟಿಕಲ್ ವೈರಿನಲ್ಲಿ ಸೇರಿಸಿ, ಗಡಿಯಾರ ಒಂದರದ್ದೇ ಅಂತ ಆರಿಸಿದರಾಯಿತು. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48 ಸಾವಿರ ಸಲ ಸದ್ದನ್ನು ಅಳೆದರೆ, ಆ ವೈರು ಎಂಟು ಚಾನೆಲ್ ಹೊರುತ್ತದೆ. 96ಕ್ಕೆ ಏರಿಸಿದರೆ ನಾಲ್ಕೇ. 24 ಬಿಟ್ (ಒಂದೊಂದು ಅಳತೆಯ ನಿಖರತೆ), 48 ಕಿಲೋಹರ್ಟ್ಸ್ ಬ್ಯಾಂಡ್‌ಗೆ ಧಾರಾಳ. ಸುಮ್ನೆ ಏರಿಸಬೇಡಿ.

ನನ್ನನ್ನು ಕೇಳಿದರೆ ಎಂಟು ಪ್ರೀಆಂಪ್, ಜೊತೆಗೊಂದು ಅಡಾಟ್. ದುಡ್ಡು ಸಾಲದಿದ್ದರೆ ನಾಲ್ಕು ಪ್ರೀಆಂಪಿನದ್ದು ತಗೊಂಡು ಮೊದಲು ಡ್ರಮ್ಸ್ ಮಾತ್ರ ರೆಕಾರ್ಡ್ ಮಾಡಿ. ಉಳಿದವರು ಅದರ ಮೇಲೆ ಒಬ್ಬೊಬ್ಬರಾಗಿ ನುಡಿಸಲಿ. ಯುಎಸ್‌ಬಿ ಇರುವ ಅಗ್ಗದ ಮಿಕ್ಸರ್ ತೋರಿಸಿದರೆ ಮಾತ್ರ ಎಚ್ಚರ. ಹನ್ನೆರಡು ಗುಂಡಿ ಇದ್ದರೂ ಹಲವು ಮಿಕ್ಸರ್‌ಗಳಿಂದ ಕಂಪ್ಯೂಟರ್‌ಗೆ ಹೋಗುವುದು ಎಡ-ಬಲ ಎರಡೇ ಟ್ರ್ಯಾಕ್. ಆಮೇಲೆ ಸ್ನೇರ್ ಒಂದನ್ನೇ ತಗ್ಗಿಸೋಣ ಅಂದರೆ ಆಗುವುದಿಲ್ಲ. ಬೇಯಿಸಿದ ಸಾರಿನಿಂದ ಉಪ್ಪು ತೆಗೆಯುವ ಕೆಲಸ ಅದು.

ಹೆಜ್ಜೆ 3: ಮೈಕ್

ಸ್ನೇರ್‌ಗೂ ಗಿಟಾರ್ ಆಂಪ್‌ಗೂ ಶೂರ್ ಎಸ್‌ಎಂ57, ಹಾಡಲು ಎಸ್‌ಎಂ58. ಮೊದಲನೆಯದು 1965ರಿಂದ ಇದೆ, ಎರಡನೆಯದು 1966ರಿಂದ. ಇವತ್ತಿಗೂ ನನಗೆ ಇವೇ ಸಾಕು. ನಕಲಿ ಮಾಲು ಜಾಸ್ತಿ, ಅರ್ಧ ಬೆಲೆಗೆ ಸಿಕ್ಕರೆ ಮುಟ್ಟಬೇಡಿ. 48 ವೋಲ್ಟ್ ಫ್ಯಾಂಟಮ್ ಪವರ್ (ಮೈಕ್ ವೈರಿನಲ್ಲೇ ಹೋಗುವ ಕರೆಂಟು) ಬೇಡುವ ಕಂಡೆನ್ಸರ್ ಜೋಡಿ ಡ್ರಮ್ಸ್ ಮೇಲಕ್ಕಿರಲಿ. ಹಾಡಲು ಅದನ್ನಿಟ್ಟರೆ ಪಕ್ಕದ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವುದೂ ಹಾಡಿನಲ್ಲಿ ಕೇಳುತ್ತದೆ. ಬೇಸ್‌ಗೆ ಮೈಕ್ ಬೇಡ, ಅದರ ವೈರನ್ನು ನೇರ ಮೈಕ್ ತೂತಿಗೆ ಸೇರಿಸುವ ಡಿಐ ಬಾಕ್ಸ್ ಸಾಕು.

ಹೆಜ್ಜೆ 4: ಕೋಣೆ

ಮೊಟ್ಟೆ ಟ್ರೇ ಅಂಟಿಸಬೇಡಿ, ದಯವಿಟ್ಟು. ಸದ್ದು ಅಡಗುವುದಿಲ್ಲ, ಬೆಂಕಿಗೆ ದಾರಿ ಅಷ್ಟೇ. ತೆಳು ಫೋಮ್ ಕೂಡ ಚುರುಕು ಸದ್ದನ್ನಷ್ಟೇ ಹೀರುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿಯ ಸದ್ದು ಸುಮಾರು 41 ಹರ್ಟ್ಸ್, ಅದರ ಒಂದು ಅಲೆ ಎಂಟು ಮೀಟರಿಗೂ ಉದ್ದ. ಒಂದಿಂಚಿನ ಫೋಮ್ ಅದನ್ನು ಏನು ತಡೆದೀತು? ಎರಡೆರಡು ಇಂಚಿನ ರಾಕ್‌ವೂಲ್ (ಕಲ್ಲಿನ ನಾರು) ಹಲಗೆ ಎರಡು ಜೋಡಿಸಿ, ಮರದ ಚೌಕಟ್ಟಿಗೆ ಹಾಕಿ, ಊದಿದರೆ ಗಾಳಿ ಹಾಯುವ ಬಟ್ಟೆ ಹೊದಿಸಿ. ಮಾಸ್ಕ್, ಕೈಗವಸು ಮರೆಯಬೇಡಿ, ವಿಪರೀತ ತುರಿಕೆ. ಮೊದಲು ಮೂಲೆಗಳಿಗೆ ನಿಲ್ಲಿಸಿ. ಆಮೇಲೆ ಸ್ಪೀಕರ್ ಎದುರು ಕೂತು, ಗೆಳೆಯನಿಗೆ ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸಲು ಹೇಳಿ. ಸ್ಪೀಕರ್ ಕಂಡ ಜಾಗದಲ್ಲೆಲ್ಲ ಒಂದೊಂದು ಹಲಗೆ. ಪಕ್ಕದ ಮನೆಯವರ ನಿದ್ದೆ ಇದರಿಂದ ಉಳಿಯುವುದಿಲ್ಲ. ರಾತ್ರಿ ಒಂಬತ್ತಕ್ಕೆ ಡ್ರಮ್ಸ್ ನಿಲ್ಲಿಸಿ.

ಹೆಜ್ಜೆ 5: ಉಳಿದದ್ದು

ರೆಕಾರ್ಡಿಂಗ್‌ಗೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಇಲ್ಲದಿದ್ದರೆ ಮೆಟ್ರೊನೋಮ್‌ನ ಟಿಕ್ ಟಿಕ್ ಮೈಕ್‌ಗೆ ಸೋರುತ್ತದೆ. ನಾಲ್ಕು ಜನಕ್ಕೆ ನಾಲ್ಕು ಹೆಡ್‌ಫೋನ್, ಜೊತೆಗೊಂದು ಹೆಡ್‌ಫೋನ್ ಆಂಪ್. ಮಾನಿಟರ್ ಸ್ಪೀಕರ್ ಐದಿಂಚಿನದ್ದು ಸಾಕು. ಮೈಕ್ ವೈರ್ ಒಂದೆರಡು ಜಾಸ್ತಿಯೇ ಇರಲಿ. ಎಂಟು ಟ್ರ್ಯಾಕ್ ಒಂದು ಗಂಟೆಗೆ ಸುಮಾರು 4 ಜಿಬಿ ತಿನ್ನುತ್ತದೆ, ಹಾರ್ಡ್ ಡಿಸ್ಕ್ ಎರಡಿರಲಿ.

ಎಲ್ಲ ಜೋಡಿಸಿದ ಮೇಲೆ ‘ಹುಂ’ ಅಂತ ಸದ್ದು ಬಂದರೆ ಅದು ಕರೆಂಟಿನ 50 ಹರ್ಟ್ಸ್. ಆಂಪ್‌ನ ಪ್ಲಗ್ಗಿನಿಂದ ಅರ್ಥಿಂಗ್ ಪಿನ್ ಮುರಿದರೆ ಸದ್ದು ಹೋಗುತ್ತದೆ ಅಂತ ಯಾರಾದರೂ ಖಂಡಿತ ಹೇಳುತ್ತಾರೆ. ಹೋಗುತ್ತದೆ ಕೂಡ. ಆಮೇಲೆ ಆಂಪ್ ಕೆಟ್ಟ ದಿನ, ಗಿಟಾರ್ ಹಿಡಿದವನ ತುಟಿ ಮೈಕ್‌ಗೆ ತಾಗಿದಾಗ ಕರೆಂಟು ಅವನ ಮೈಮೇಲೇ ಹರಿಯುತ್ತದೆ. ಪಿನ್ ಮುಟ್ಟಬೇಡಿ. ಎಲ್ಲ ಪ್ಲಗ್‌ಗಳನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ, ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಗುಂಡಿ (ಇದು ಸದ್ದಿನ ವೈರಿನ ಗ್ರೌಂಡನ್ನಷ್ಟೇ ಬಿಡಿಸುತ್ತದೆ) ಒತ್ತಿ ನೋಡಿ. ಆಗಲೂ ಹೋಗದಿದ್ದರೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ನೋಡಿಸಿ.