ಕ್ಯಾಂಪಸ್ಸಿನಲ್ಲಿ ಫ್ರಿಂಜ್ ಉತ್ಸವ ಕಟ್ಟುವ ಬಗೆ: ಪುಣೆಯಲ್ಲಿ ಓದುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ

ಫ್ರಿಂಜ್ ಎಂದರೆ ಯಾರು ಬೇಕಾದರೂ ಬಂದು ತಮ್ಮ ಆಟ ಆಡಬಹುದಾದ ಉತ್ಸವ. ಮೊದಲು ಒಂದು ವಿಷಯ ತೀರ್ಮಾನ ಮಾಡಿಕೊಂಡು ಕೆಲಸಕ್ಕೆ ಇಳಿಯಿರಿ: ಆಯ್ಕೆ ಸಮಿತಿ ಇರಕೂಡದು. ಬಂದ ಅರ್ಜಿಗಳನ್ನು ಓದಿ "ಇದು ಚೆನ್ನಾಗಿದೆ, ಇದು ಅಷ್ಟಕ್ಕಷ್ಟೇ" ಎಂದು ಬದಿಗಿಡುವ ಅಧಿಕಾರ ಯಾರಿಗೂ ಇಲ್ಲ, ವಿಭಾಗದ ಮುಖ್ಯಸ್ಥರಿಗೂ ಇಲ್ಲ.

ಪುಣೆಯಲ್ಲಿ ಇದನ್ನು ಒಪ್ಪಿಸುವುದು ಸುಲಭವಲ್ಲ. ಇಲ್ಲಿಯ ಕಾಲೇಜು ರಂಗಭೂಮಿ ಬೆಳೆದಿರುವುದೇ ಸ್ಪರ್ಧೆಗಳಿಂದ. ಪುರುಷೋತ್ತಮ ಕರಂಡಕ ಎಂಬ ಅಂತರ ಕಾಲೇಜು ಏಕಾಂಕ ಸ್ಪರ್ಧೆ 1963ರಿಂದ ನಡೆದುಕೊಂಡು ಬಂದಿದೆ. ಮಳೆಗಾಲ ಬಂತೆಂದರೆ ಯಾವ ಕಾಲೇಜಿನ ಪಡಸಾಲೆಯಲ್ಲಿ ನೋಡಿದರೂ ಏಕಾಂಕದ ತಾಲೀಮು. ಆ ಸ್ಪರ್ಧೆಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಧಾರವಾಡದಿಂದ ಇಲ್ಲಿಗೆ ಓದಲು ಬಂದ ನನಗೆ ನಾಟಕದ ಹುಚ್ಚು ಹಿಡಿದದ್ದೇ ಭರತ ನಾಟ್ಯ ಮಂದಿರ ಎಂಬ ಇಲ್ಲಿಯ ರಂಗಮಂದಿರದ ಹಿಂದಿನ ಸಾಲಿನಲ್ಲಿ ಕೂತು. ಆದರೆ ಒಬ್ಬಳೇ ನಿಂತು ಇಪ್ಪತ್ತು ನಿಮಿಷ ಅಜ್ಜಿಯ ಕಥೆ ಹೇಳಬೇಕೆನ್ನುವ ಹುಡುಗಿ ಯಾವ ಸ್ಪರ್ಧೆಗೆ ಹೋಗಬೇಕು? ಪಖವಾಜ್ ಜೊತೆಗೆ ವಚನ ಹಾಡಿ ನೋಡೋಣ ಎನ್ನುವ ಇಂಜಿನಿಯರಿಂಗ್ ಹುಡುಗನಿಗೆ ಯಾರು ಅಂಕ ಕೊಡಬೇಕು? ಅಂಥವರಿಗೆ ಬೇಕಿರುವುದು ಬಹುಮಾನವಲ್ಲ. ಒಂದು ಕೋಣೆ, ಒಂದು ಹೊತ್ತು, ಎದುರಿಗೆ ಇಪ್ಪತ್ತು ಜನ.

ಎಡಿನ್‌ಬರೋದಲ್ಲಿ ಶುರುವಾದದ್ದೂ ಹೀಗೆಯೇ. 1947ರಲ್ಲಿ ಅಲ್ಲಿ ಮೊದಲ ಅಂತಾರಾಷ್ಟ್ರೀಯ ಉತ್ಸವ ನಡೆದಾಗ ಎಂಟು ನಾಟಕ ತಂಡಗಳು ಯಾರೂ ಕರೆಯದೆ ಬಂದು, ಸಿಕ್ಕ ಜಾಗದಲ್ಲಿ ಆಡಿದವು. 1958ರಲ್ಲಿ ಅದಕ್ಕೊಂದು ಸೊಸೈಟಿ ಕಟ್ಟಿದಾಗಲೂ ಯಾರ ಪ್ರಯೋಗವನ್ನೂ ಜರಡಿ ಹಿಡಿಯುವುದಿಲ್ಲ ಎಂಬುದನ್ನೇ ನಿಯಮ ಮಾಡಿಕೊಂಡರು. ಕಾರ್ಯಕ್ರಮ ಪಟ್ಟಿ ಅಚ್ಚು ಹಾಕಿಸುವುದು, ಟಿಕೆಟ್ ವ್ಯವಸ್ಥೆ ನೋಡಿಕೊಳ್ಳುವುದು, ಕೇಳಿದವರಿಗೆ ಮಾಹಿತಿ ಕೊಡುವುದು ಅವರ ಕೆಲಸ. ನೀವು ಕಟ್ಟಬೇಕಾದ ತಂಡವೂ ಇಂಥದ್ದೇ. ಜಾಗಕ್ಕಿಂತ ಅರ್ಜಿ ಜಾಸ್ತಿ ಬಂದರೆ ಎಲ್ಲರೆದುರು ಚೀಟಿ ಎತ್ತಿ. ಬೆಂಕಿ ಹಚ್ಚುವುದು, ಗಾಜು ಒಡೆಯುವುದು, ಪ್ರೇಕ್ಷಕರ ಮೈ ಮುಟ್ಟುವುದು ಇದ್ದರೆ ಮಾತ್ರ ಕೂರಿಸಿ ಮಾತಾಡಿ. ಅದು ಸುರಕ್ಷತೆಯ ಪ್ರಶ್ನೆ, ಅಭಿರುಚಿಯದ್ದಲ್ಲ.

ತಂಡ

ಶುರುವಿಗೆ ಐದು ಜನ ಸಾಕು. ಒಬ್ಬರು ಜಾಗ ಮತ್ತು ಕೀಲಿಕೈಗೆ, ಒಬ್ಬರು ವೇಳಾಪಟ್ಟಿಗೆ, ಒಬ್ಬರು ಕರೆಂಟು, ದೀಪ, ಧ್ವನಿಗೆ, ಒಬ್ಬರು ದುಡ್ಡು ಮತ್ತು ಕಾಗದಪತ್ರಕ್ಕೆ, ಒಬ್ಬರು ಕಲಾವಿದರ ಜೊತೆ ಮಾತಾಡುವುದಕ್ಕೆ. ಐವರೂ ನಾಟಕದವರೇ ಆಗಿರಬೇಕಿಲ್ಲ, ಆಗಿರದಿದ್ದರೇ ಒಳ್ಳೆಯದು. ಲೆಕ್ಕಕ್ಕೆ ಕಾಮರ್ಸ್ ವಿದ್ಯಾರ್ಥಿ ಇರಲಿ, ಕರೆಂಟಿಗೆ ಎಲೆಕ್ಟ್ರಿಕಲ್ ಓದುವವರು ಇರಲಿ. ವೇಳಾಪಟ್ಟಿ ಕೈಯಲ್ಲಿರುವವರು ಆ ವರ್ಷ ತಾವು ಯಾವ ಪ್ರಯೋಗದಲ್ಲೂ ಇರಬಾರದು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ, ಏಕೆಂದರೆ ಸಂಜೆ ಆರರ ಹೊತ್ತು ಯಾರಿಗೆ ಸಿಕ್ಕಿತು ಎಂಬ ಅನುಮಾನ ಒಮ್ಮೆ ಹುಟ್ಟಿದರೆ ಮುಂದಿನ ವರ್ಷ ಅರ್ಜಿಯೇ ಬರುವುದಿಲ್ಲ.

ಕನ್ನಡದವರೇ ಸೇರಿ ಮಾಡಿದರೆ ಅದು ನಮ್ಮವರ ಸ್ನೇಹಕೂಟ ಆಗುತ್ತದೆ, ಕ್ಯಾಂಪಸ್ಸಿನ ಉತ್ಸವ ಆಗುವುದಿಲ್ಲ. ಐವರಲ್ಲಿ ಇಬ್ಬರಾದರೂ ಮರಾಠಿ ಮನೆಮಾತಿನವರು ಇರಲಿ. ಕೆಲಸ ಸಾಗುವುದು ಅರ್ಧ ಅವರಿಂದಲೇ. ರಾತ್ರಿ ಬಾಗಿಲು ಹಾಕುವ ವಾಚ್‌ಮನ್ ದಾದಾ, ಕಸ ಗುಡಿಸುವ ಮಾವಶಿ, ಫ್ಯೂಸ್ ಹಾಕುವ ವೈರ್‌ಮನ್ ಕಾಕಾ, ಇವರ ಹತ್ತಿರ ಕೂತು ಚಹಾ ಕುಡಿದು ಮರಾಠಿಯಲ್ಲಿ ನಾಲ್ಕು ಮಾತಾಡುವವರು ತಂಡದಲ್ಲಿ ಬೇಕು. ಅವರನ್ನು ಮೊದಲ ಸಭೆಗೇ ಕರೆಯಿರಿ. ಯಾವ ಕೋಣೆಯ ಕಿಟಕಿ ಹಾಕಲು ಬರುವುದಿಲ್ಲ, ಯಾವ ಮಹಡಿಯಲ್ಲಿ ಸಂಜೆ ನೀರು ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿಲ್ಲ.

ತಾರೀಖು

ಇದನ್ನು ಬೇಗ ಮುಗಿಸಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಅದರ ನಡುವೆ ಕರಂಡಕದ ತಾಲೀಮು. ಡಿಸೆಂಬರ್‌ನಲ್ಲಿ ಸವಾಯಿ ಗಂಧರ್ವ ಮಹೋತ್ಸವ ಇರುತ್ತದೆ. ಕುಂದಗೋಳದ ಗುರುವಿನ ಹೆಸರಲ್ಲಿ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ ಉತ್ಸವ ಅದು. ಆ ದಿನಗಳಲ್ಲಿ ಪುಣೆಯ ಸಂಗೀತದ ಕಿವಿಗಳೆಲ್ಲ ಅಲ್ಲೇ ಇರುತ್ತವೆ, ಅದರ ಎದುರು ಏನನ್ನೂ ಇಡಬೇಡಿ. ನನ್ನ ಮಟ್ಟಿಗೆ ಜನವರಿಯ ಒಂದು ಶನಿವಾರ, ಭಾನುವಾರ ಸರಿ. ಕೋಣೆಗಳು ಖಾಲಿ ಇರುತ್ತವೆ, ಬಯಲಿನಲ್ಲಿ ಕೂರಲು ಹವೆಯೂ ಹಿತ.

ಕೋಣೆ ಮತ್ತು ಕರೆಂಟು

ದೊಡ್ಡ ಸಭಾಂಗಣದ ಆಸೆ ಬಿಡಿ. ಮುನ್ನೂರು ಕುರ್ಚಿಯ ಹಾಲ್‌ನಲ್ಲಿ ಮೂವತ್ತು ಜನ ಕೂತರೆ ಆಡುವವರ ಎದೆ ಒಡೆಯುತ್ತದೆ. ಅದೇ ಮೂವತ್ತು ಜನ ಒಂದು ತರಗತಿಯಲ್ಲಿ ಕೂತರೆ ತುಂಬಿದ ಪ್ರದರ್ಶನ. ಮೂರು ತರಗತಿ, ಒಂದು ಮೆಟ್ಟಿಲ ಸಾಲು, ಕ್ಯಾಂಟೀನಿನ ಹಿಂದಿನ ಮರದ ಕಟ್ಟೆ ಇಷ್ಟಿದ್ದರೆ ಉತ್ಸವ ಆಯಿತು. ಕೋಣೆ ನೋಡಲು ಹೋದಾಗ ಮೊದಲು ಬಾಗಿಲು ಎಣಿಸಿ. ಎರಡು ಬಾಗಿಲಿಲ್ಲದ ಕೋಣೆಗೆ ಕಪ್ಪು ಬಟ್ಟೆ ಕಟ್ಟಿ ಕತ್ತಲು ಮಾಡಬೇಡಿ.

ಆಮೇಲೆ ಗೋಡೆಯ ಪ್ಲಗ್ ನೋಡಿ. ತರಗತಿಗಳಲ್ಲಿ ಸಾಮಾನ್ಯವಾಗಿ ಇರುವುದು ಸಣ್ಣ ಪ್ಲಗ್, 6 ಆಂಪಿಯರಿನದ್ದು. ನಮ್ಮ 230 ವೋಲ್ಟಿಗೆ ಲೆಕ್ಕ ಹಾಕಿದರೆ ಅದು ತಡೆದುಕೊಳ್ಳುವುದು ಸುಮಾರು 1,380 ವ್ಯಾಟ್. ಬಾಡಿಗೆಗೆ ಸಿಗುವ ಹಳೆಯ ಪಾರ್ ದೀಪ (ರಂಗದ ಮೇಲೆ ಬೆಳಕು ಚೆಲ್ಲುವ ಡಬ್ಬಿ ದೀಪ) ಒಂದಕ್ಕೇ 1,000 ವ್ಯಾಟ್ ಬೇಕು. ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡು ಪಾರ್ ಚುಚ್ಚಿದರೆ ಹೆಚ್ಚೂಕಡಿಮೆ 8.7 ಆಂಪಿಯರ್ ಎಳೆಯುತ್ತದೆ. ಎಂಸಿಬಿ (ಹೊರೆ ಹೆಚ್ಚಾದಾಗ ತಾನಾಗಿಯೇ ಕರೆಂಟು ಕಡಿಯುವ ಸ್ವಿಚ್ಚು) ಬಿದ್ದರೆ ನಾಟಕ ನಿಂತಿತು, ಬೀಳದಿದ್ದರೆ ವೈರು ಕಾಯುತ್ತದೆ, ಅದು ಇನ್ನೂ ಅಪಾಯ. ಹಾಗಾಗಿ ಎಲ್‌ಇಡಿ ಪಾರ್ ಮಾತ್ರ ತನ್ನಿ. ಒಂದೊಂದು ಇನ್ನೂರು ವ್ಯಾಟಿನ ಒಳಗೇ ಇರುವಂಥದ್ದನ್ನು ಕೇಳಿ ತೆಗೆದುಕೊಂಡರೆ ಕೋಣೆಗೆ ನಾಲ್ಕು ಹಾಕಿದರೂ ನಿಶ್ಚಿಂತೆ. ಹಾಡು ಬಿಡುವ ಸ್ಪೀಕರನ್ನು ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿ. ವೈರು, ಬೋರ್ಡು, ಟೇಪು ಎಲ್ಲಕ್ಕೂ ಬುಧವಾರ ಪೇಠದ ತಪ್ಕೀರ್ ಗಲ್ಲಿ ಇದೆ, ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿಗಳು ಅಲ್ಲಿ ಸಾಲಾಗಿವೆ. ವೈರು ಕೊಳ್ಳುವಾಗ ದುಡ್ಡು ಉಳಿಸಲು ಹೋಗಬೇಡಿ. ನೆಲದ ಮೇಲೆ ಹಾದ ಪ್ರತಿ ವೈರಿನ ಮೇಲೂ ಉದ್ದಕ್ಕೆ ಟೇಪು ಬಡಿಯಿರಿ, ಕತ್ತಲಲ್ಲಿ ಎಡವುವವರು ಪ್ರೇಕ್ಷಕರಲ್ಲ, ನಟರು.

ವೇಳಾಪಟ್ಟಿ

ಉತ್ಸವ ನಿಲ್ಲುವುದು, ಬೀಳುವುದು ಇಲ್ಲಿಯೇ. ನಾನು ಮಕ್ಕಳ ಜೊತೆ ಅತಿ ಹೆಚ್ಚು ಹೊತ್ತು ಕೂರುವುದೂ ಇದಕ್ಕೇ.

ಪ್ರತಿ ಕೋಣೆಗೂ ಒಂದು ತಾಸಿನ ಸುತ್ತು. ಪ್ರಯೋಗ 40 ನಿಮಿಷ ಮೀರುವಂತಿಲ್ಲ, ಉಳಿದ 20 ನಿಮಿಷ ಬದಲಾವಣೆಗೆ. ಮೂರು ಕೋಣೆಗಳನ್ನೂ ಒಂದೇ ಹೊತ್ತಿಗೆ ಶುರು ಮಾಡಬೇಡಿ. ಮೊದಲ ಕೋಣೆ ನಾಲ್ಕಕ್ಕೆ, ಎರಡನೆಯದು ನಾಲ್ಕು ಇಪ್ಪತ್ತಕ್ಕೆ, ಮೂರನೆಯದು ನಾಲ್ಕು ನಲವತ್ತಕ್ಕೆ. ಕಾಗದದ ಮೇಲೆ ಬರೆದು ನೋಡಿ: ಮೊದಲ ಕೋಣೆಯ ಬದಲಾವಣೆ ನಾಲ್ಕು ನಲವತ್ತರಿಂದ ಐದರ ತನಕ, ಎರಡನೆಯದರದ್ದು ಐದರಿಂದ ಐದು ಇಪ್ಪತ್ತರ ತನಕ, ಮೂರನೆಯದರದ್ದು ಐದು ಇಪ್ಪತ್ತರಿಂದ ಐದು ನಲವತ್ತರ ತನಕ. ಎರಡು ಬದಲಾವಣೆ ಒಂದರ ಮೇಲೊಂದು ಬೀಳುವುದೇ ಇಲ್ಲ. ನಾಲ್ಕು ಜನರ ಒಂದೇ ತಂಡ ಮೂರೂ ಕೋಣೆಗಳನ್ನು ಸುತ್ತಿಕೊಂಡು ನಿಭಾಯಿಸುತ್ತದೆ. ಅವರಿಗೆ ಪುರುಸೊತ್ತು ಸಿಗುವುದಿಲ್ಲವಾದ್ದರಿಂದ ಎರಡು ತಾಸಿಗೊಮ್ಮೆ ಪಾಳಿ ಬದಲಿಸಿ. ಪ್ರೇಕ್ಷಕರಿಗೂ ಇದು ಚಂದ, ಇಪ್ಪತ್ತು ನಿಮಿಷಕ್ಕೊಮ್ಮೆ ಎಲ್ಲೋ ಒಂದು ಕಡೆ ಆಟ ಶುರುವಾಗುತ್ತಿರುತ್ತದೆ.

ಆ ಇಪ್ಪತ್ತು ನಿಮಿಷವನ್ನು ಬಿಡಿಸಿ ಹೇಳುತ್ತೇನೆ. ಮೊದಲ ಐದು ನಿಮಿಷ ಜನ ಹೊರಗೆ. ಚಪ್ಪಾಳೆ ಮುಗಿದ ಕೂಡಲೇ ಮಾತಿಗೆ ನಿಲ್ಲುವ ಗೆಳೆಯರನ್ನು, ಹೂಗುಚ್ಛ ತಂದ ಮನೆಯವರನ್ನು ನಗುನಗುತ್ತಲೇ ಪಡಸಾಲೆಗೆ ಕರೆದುಕೊಂಡು ಹೋಗಲು ಒಬ್ಬರು ಬೇಕು. ಮುಂದಿನ ಐದು ನಿಮಿಷ ಆಡಿದ ತಂಡ ತನ್ನ ಸಾಮಾನು ಹೊರಗೆ ಸಾಗಿಸಬೇಕು. ಇಲ್ಲಿ ಒಂದು ಕಟ್ಟುನಿಟ್ಟು: ಕೋಣೆಯೊಳಗೆ ಕೂತು ಚೀಲ ತುಂಬುವಂತಿಲ್ಲ. ಚಾದರ ಹಾಸಿ, ಸೀರೆ, ಬುಟ್ಟಿ, ಹಲಗೆ, ಮುಖವಾಡ ಎಲ್ಲ ಅದರ ಮೇಲೆ ಸುರಿದು, ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು ಹೋಗಿ ಹೊರಗೆ ಹೊಂದಿಸಿಕೊಳ್ಳಲಿ. ಅಷ್ಟರಲ್ಲಿ ನಮ್ಮವರೊಬ್ಬರು ನೆಲ ಗುಡಿಸುತ್ತಾರೆ. ಇದನ್ನು ಎಂದೂ ಬಿಡಬೇಡಿ. ಒಬ್ಬರ ಸೀರೆಯಿಂದ ಉದುರಿದ ಜರಿಚುಕ್ಕಿ, ಗುಂಡುಪಿನ್ನು, ಚೆಲ್ಲಿದ ರಂಗೋಲಿ ಪುಡಿಯ ಮೇಲೆ ಮುಂದಿನ ತಂಡದ ಹುಡುಗಿ ಬರಿಗಾಲಲ್ಲಿ ಕುಣಿಯಬೇಕಾಗಿರುತ್ತದೆ. ಆಮೇಲಿನ ಏಳು ನಿಮಿಷ ಹೊಸ ತಂಡದ್ದು. ಅವರ ಗುರುತುಗಳನ್ನು ಬೆಳಿಗ್ಗೆಯೇ ತಂಡಕ್ಕೊಂದು ಬಣ್ಣದ ಟೇಪಿನಲ್ಲಿ ಅಂಟಿಸಿಟ್ಟಿದ್ದರೆ ಮೇಜು ಎಲ್ಲಿ, ಸ್ಟೂಲು ಎಲ್ಲಿ ಎಂದು ಹುಡುಕಬೇಕಾಗಿಲ್ಲ. ಕೊನೆಯ ಮೂರು ನಿಮಿಷ ಜನ ಒಳಗೆ.

"ಅಕ್ಕಾ, ನಮ್ದು ಐದ ನಿಮಿಷ ಜಾಸ್ತಿ ಆಗ್ತದ, ಅಷ್ಟ" ಎಂದು ಬರುವವರು ಇದ್ದೇ ಇರುತ್ತಾರೆ. ಪ್ರೀತಿಯಿಂದಲೇ ಇಲ್ಲ ಎನ್ನಿ. ಆ ಐದು ನಿಮಿಷ ಅವರದ್ದಲ್ಲ, ಹೊರಗೆ ಬಣ್ಣ ಹಚ್ಚಿಕೊಂಡು ಕಾಯುತ್ತಿರುವವರದ್ದು. 35 ನಿಮಿಷಕ್ಕೆ ಹಿಂದಿನ ಗೋಡೆಯ ಹತ್ತಿರ ಹಸಿರು ಟಾರ್ಚ್ ತೋರಿಸಿ, 40ಕ್ಕೆ ಕೆಂಪು. ಇದನ್ನು ಅರ್ಜಿಯಲ್ಲೇ ಬರೆದು ಸಹಿ ಮಾಡಿಸಿಕೊಂಡಿದ್ದರೆ ಜಗಳವಿಲ್ಲ.

ಕಾಗದಪತ್ರ

ಮೂರು ವಿಷಯ ಗೊತ್ತಿರಲಿ. ಒಂದು, ಮಹಾರಾಷ್ಟ್ರದಲ್ಲಿ ಸಾರ್ವಜನಿಕ ನಾಟಕ ಪ್ರಯೋಗದ ಸ್ಕ್ರಿಪ್ಟನ್ನು ರಂಗಭೂಮಿ ಪ್ರಯೋಗ ಪರಿನಿರೀಕ್ಷಣ ಮಂಡಳಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯುವ ಪದ್ಧತಿ ಇದೆ. ನಮ್ಮ ಕಡೆಯಿಂದ ಬಂದವರಿಗೆ ಇದು ಹೊಸದು. ಹೊರಗಿನ ಜನರನ್ನು ಕರೆಯುವುದಾದರೆ ತಿಂಗಳುಗಟ್ಟಲೆ ಮುಂಚೆ ವಿಚಾರಿಸಿ, ಸ್ಕ್ರಿಪ್ಟಿನ ಸ್ವಚ್ಛ ಪ್ರತಿ ತೆಗೆದಿಡಿ.

ಎರಡು, ಹಕ್ಕು. ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಕೈಲಾಸಂ 1946ರಲ್ಲಿ ತೀರಿಕೊಂಡರು, ಅವರ ನಾಟಕಗಳನ್ನು ಯಾರೂ ಆಡಬಹುದು. ಗಿರೀಶ ಕಾರ್ನಾಡರು ನಮ್ಮನ್ನು ಅಗಲಿದ್ದು 2019ರಲ್ಲಿ, ಅವರ ನಾಟಕಕ್ಕೆ ಬರಹದಲ್ಲಿ ಅನುಮತಿ ತನ್ನಿ. ಮರಾಠಿ ಅನುವಾದ ಆಡಿದರೆ ಅನುವಾದಕರ ಅನುಮತಿಯೂ ಬೇಕು. ಕಾಲೇಜಿನ ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರು ಮಾತ್ರ ನೋಡುವ ಪ್ರಯೋಗಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಫ್ರಿಂಜ್ ಬಾಗಿಲು ಎಲ್ಲರಿಗೂ ತೆರೆದದ್ದು, ಅದನ್ನು ನೆಚ್ಚಿಕೊಂಡು ಕೂರಬೇಡಿ. ಎಲ್ಲಕ್ಕಿಂತ ಚೆಂದದ ದಾರಿ ನೀವೇ ಬರೆಯುವುದು.

ಮೂರು, ಸದ್ದು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಲೌಡ್‌ಸ್ಪೀಕರ್ ಹಾಕುವಂತಿಲ್ಲ. ಶಿಕ್ಷಣ ಸಂಸ್ಥೆಗಳ ಸುತ್ತ 100 ಮೀಟರ್ ತನಕ ಶಾಂತ ವಲಯ ಎಂದು ಘೋಷಿಸುವ ಅವಕಾಶವೂ ಇದೆ. ನಿಮ್ಮದು ಘೋಷಿತವೇ ಎಂದು ಠಾಣೆಯಲ್ಲಿ ಕೇಳಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಬಯಲಿನಲ್ಲಿ ಮೈಕೇ ಬೇಡ. ಮೈಕಿಲ್ಲದೆ ಐವತ್ತು ಜನರಿಗೆ ಕೇಳಿಸುವಂತೆ ಮಾತಾಡಲು ಕಲಿತ ನಟ ಎಲ್ಲಿಗೆ ಹೋದರೂ ಬದುಕುತ್ತಾನೆ.

ಕನ್ನಡದ ಆಟ, ಪುಣೆಯ ಜನ

ಕನ್ನಡದಲ್ಲಿ ಆಡಿದರೆ ಯಾರು ಬರುತ್ತಾರೆ ಎಂದು ಹೆದರಬೇಡಿ. ಪಿಂಪ್ರಿ ಚಿಂಚವಾಡದ ಕಾರ್ಖಾನೆಗಳಲ್ಲಿ, ಕೊಥ್ರೂಡ್, ಧನಕವಡಿಯ ಮನೆಗಳಲ್ಲಿ, ಉಡುಪಿ ಹೋಟೆಲುಗಳಲ್ಲಿ ನಮ್ಮವರಿದ್ದಾರೆ. ಕನ್ನಡ ಪ್ರಯೋಗಗಳನ್ನು ಭಾನುವಾರ ಮಧ್ಯಾಹ್ನಕ್ಕೆ ಇಡಿ, ಸಂಸಾರ ಸಮೇತ ಬಂದವರು ಬೆಳಕಿರುವಾಗಲೇ ಬಸ್ಸು ಹತ್ತಬಹುದು. ಹೋಟೆಲಿನವರಿಗೆ ಮಾತ್ರ ಮೂರೂವರೆಯಿಂದ ಐದರ ನಡುವೆ ಬಿಡುವು, ಅವರಿಗಾಗಿ ಒಂದು ಆಟ ಮೀಸಲಿಡಿ. ಮರಾಠಿ ಪ್ರೇಕ್ಷಕರಿಗೆ ಅರ್ಧ ಪುಟದ ಕಥಾಸಾರ ಮರಾಠಿಯಲ್ಲಿ ಸಾಕು. ಪರದೆಯ ಮೇಲೆ ಸಾಲು ಸಾಲು ಅನುವಾದ ಓಡಿಸಿದರೆ ಕಣ್ಣು ನಟರನ್ನು ಬಿಟ್ಟು ಗೋಡೆಗೆ ಹೋಗುತ್ತದೆ.

ದುಡ್ಡಿನ ವಿಷಯ ಸರಳವಾಗಿಡಿ. ಆಡುವವರಿಂದ ಶುಲ್ಕ ತೆಗೆದುಕೊಳ್ಳಬೇಡಿ. ಪ್ರತಿ ಆಟದ ಕೊನೆಗೆ ಬಾಗಿಲಲ್ಲಿ ಜೋಳಿಗೆ ಹಿಡಿಯಿರಿ, ಅದಕ್ಕೊಂದು ಯುಪಿಐ ಚೀಟಿ ಅಂಟಿಸಿ, ಬಂದದ್ದೆಲ್ಲ ಆ ತಂಡಕ್ಕೇ. ದೀಪದ ಬಾಡಿಗೆ, ಅಚ್ಚು, ಚಹಾ, ಪೋಹೆಯ ಖರ್ಚು ಮಾತ್ರ ವಿಭಾಗದಿಂದ ಮತ್ತು ಊರಿನ ಕನ್ನಡ ಅಂಗಡಿಯವರಿಂದ ಕೂಡಿಸಿ. ಲೆಕ್ಕವನ್ನು ಮಂಗಳವಾರದೊಳಗೆ ನೋಟಿಸ್ ಬೋರ್ಡಿಗೆ ಹಾಕಿ.

ಭಾನುವಾರ ರಾತ್ರಿಯೇ ಬೆಂಚುಗಳು ಮೊದಲಿದ್ದ ಸಾಲಿಗೆ ಬರಬೇಕು, ಸೋಮವಾರ ಬೆಳಿಗ್ಗೆ ಅಲ್ಲಿ ಪಾಠವಿರುತ್ತದೆ. ಕೋಣೆ ತೆರೆದಾಗ ತೆಗೆದ ಫೋಟೋ ನೋಡಿಕೊಂಡು ಜೋಡಿಸಿದರೆ ಅರ್ಧ ತಾಸಿನ ಕೆಲಸ. ಟೇಪನ್ನು ನಿಧಾನಕ್ಕೆ ಕಿತ್ತು, ಅಂಟು ಉಳಿದ ಕಡೆ ಸೀಮೆಎಣ್ಣೆ ಬೇಡ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ. ಆಮೇಲೆ ಐವರೂ ಕೂತು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ: ಯಾವ ಕೋಣೆಯ ಯಾವ ಪ್ಲಗ್ ಕೆಲಸ ಮಾಡುತ್ತದೆ, ಯಾವ ಅರ್ಜಿ ಯಾವ ಕಚೇರಿಯಲ್ಲಿ ಎಷ್ಟು ದಿನ ಹಿಡಿಯಿತು, ದೀಪದ ಬಾಡಿಗೆ ಎಷ್ಟಾಯಿತು, ಯಾವ ಆಟಕ್ಕೆ ಎಷ್ಟು ಜನ ಕೂತರು, ಕೀಲಿಕೈ ಯಾರ ಹತ್ತಿರ ಇರುತ್ತದೆ. ಆ ನೋಟುಬುಕ್ಕು ಕೊನೆಯ ವರ್ಷದವರ ಕೈಯಲ್ಲಿ ಉಳಿಯಬಾರದು, ಅದನ್ನು ಎರಡನೇ ವರ್ಷದವರಿಗೆ ಕೊಟ್ಟು ಹೋಗಿ.