ವಾಲ್ವ್ ಬದಲಿಸದೆ ಪೈಲಟ್ ಆರದಂತೆ ಮಾಡಿದ್ದು: ಗ್ಯಾಸ್ ಹೀಟರ್ ರಿಪೇರಿಯ ನನ್ನ ಅನುಭವ

"ವಾಲ್ವ್ ಹೋಗಿದೆ, ಸುಮ್ನೆ ಹೊಸ ಹೀಟರ್ ತಗೊಳ್ಳಿ" ಅಂತ ನೋಡಿದವರೆಲ್ಲ ಹೇಳಿದ್ದರು. ಅದೇ ಹೀಟರ್, ಅದೇ ಹಳೆಯ ವಾಲ್ವ್, ನಾನು ರಿಪೇರಿ ಮುಗಿಸಿದ ಮೇಲೆ ಒಂದು ಸಲವೂ ಆರದೆ ಉರಿದಿದೆ.

ತೊಂದರೆ ಗ್ಯಾಸ್ ಹೀಟರ್ ಇಟ್ಟವರಿಗೆಲ್ಲ ಗೊತ್ತಿರುವಂಥದ್ದೇ. ನಾಬ್ ಒತ್ತಿ ಹಿಡಿದಷ್ಟು ಹೊತ್ತು ಪೈಲಟ್, ಅಂದರೆ ದೊಡ್ಡ ಬರ್ನರ್ ಹಚ್ಚುವ ಸಣ್ಣ ಉರಿ, ಉರಿಯುತ್ತದೆ, ಕೈ ಬಿಟ್ಟರೆ ಆರುತ್ತದೆ. ರಿಪೇರಿಯವರು ಥರ್ಮೋಕಪಲ್ (ಪೈಲಟ್ ಉರಿಯ ಬಿಸಿಯಿಂದ ಚೂರು ವಿದ್ಯುತ್ ಹುಟ್ಟಿಸಿ ವಾಲ್ವನ್ನು ತೆರೆದಿಡುವ ಕಡ್ಡಿ) ಬದಲಿಸಿದರು. ಕೆಲವು ದಿನ ಆರದೆ ಉರಿಯಿತು, ಮತ್ತೆ ಅದೇ ಕಥೆ. ಬೇರೆಯವರು ಬಂದು ಇನ್ನೊಂದು ಹಾಕಿದರು. ಸಾಮಾನಿಗಿಂತ ಕೂಲಿಯೇ ಜಾಸ್ತಿಯಾಯಿತು. ಆಮೇಲೆ ವಾಲ್ವ್ ಮೇಲೆ ಬೆರಳು ತೋರಿಸಿದರು, ಅದರ ಬೆಲೆಯೋ ಹೊಸ ಹೀಟರ್‌ನ ಅರ್ಧದ ಹತ್ತಿರ. ಇಷ್ಟಾದರೂ ಒಬ್ಬರೂ ವೋಲ್ಟ್ ಅಳೆಯುವ ಮೀಟರ್ ಹಚ್ಚಿ ನೋಡಿರಲಿಲ್ಲ!

ನಾನು ಮೊದಲು ಮಾಡಿದ್ದೇ ಅದು. ಥರ್ಮೋಕಪಲ್ಲಿನ ನಟ್ ವಾಲ್ವಿನಿಂದ ಬಿಚ್ಚಿ, ನಾಬ್ ಒತ್ತಿ ಹಿಡಿದು ಪೈಲಟ್ ಉರಿಸಿ, ಮೀಟರಿನ ಒಂದು ಕಡ್ಡಿ ತುದಿಗೆ, ಇನ್ನೊಂದು ತಾಮ್ರದ ಕೊಳವೆಗೆ. 25ರಿಂದ 30 ಮಿಲಿವೋಲ್ಟ್ ಬರಬೇಕು, ಬಂದದ್ದು 12-13. ಹೊಸ ಥರ್ಮೋಕಪಲ್‌ಗೂ ಇಷ್ಟೇನಾ ಅಂತ, ಅವರು ತೆಗೆದುಹಾಕಿದ್ದ ಹಳೆಯದನ್ನೇ ಹ್ಯಾಂಡ್ ಟಾರ್ಚಿನ ಉರಿಗೆ ಹಿಡಿದೆ. 28ರ ಆಸುಪಾಸು ಹೋಯಿತು! ಅಂದರೆ ಎಸೆದ ಸಾಮಾನು ಚೆನ್ನಾಗಿಯೇ ಇತ್ತು, ಉರಿಯೇ ಸೋತಿತ್ತು.

ಪೈಲಟ್ ಉರಿ ನೀಲಿಯಾಗಿ ಥರ್ಮೋಕಪಲ್ಲಿನ ತುದಿಯ ಒಂದು ಸೆಂಟಿಮೀಟರಿನಷ್ಟನ್ನು ಸುತ್ತಿಕೊಳ್ಳಬೇಕು ಅಲ್ವಾ? ನನ್ನದು ಹಳದಿಯಾಗಿ, ತುದಿಯನ್ನು ಸುಮ್ಮನೆ ನೆಕ್ಕುತ್ತಿತ್ತು. ಗ್ಯಾಸ್ ಮುಚ್ಚಿ, ತಣ್ಣಗಾದ ಮೇಲೆ ಪೈಲಟ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್ ಬಿಚ್ಚಿದರೆ ಒಳಗೆ ಜೇಡರ ಬಲೆ. ಬೇಸಿಗೆ ಪೂರ್ತಿ ಹಚ್ಚದೆ ಬಿಟ್ಟ ಹೀಟರುಗಳಲ್ಲಿ ಇದು ಬಹಳ ಸಾಮಾನ್ಯ. ತಂತಿ ಮಾತ್ರ ಹಾಕಬೇಡಿ, ತೂತು ಒಂದು ಕೂದಲೆಳೆ ದೊಡ್ಡದಾದರೂ ಜೆಟ್ ಕೆಟ್ಟಿತು. ಗ್ಯಾಸ್ ಬರುವ ದಿಕ್ಕಿಗೆ ಎದುರಾಗಿ ಗಾಳಿ ಊದಿ. ಅಂಟಿದ ಕಪ್ಪು ಬಿಡಿಸೋಕೆ ನಾನು ಒಂದು ದ್ರಾವಣದಲ್ಲಿ ನೆನೆಸಿಡುತ್ತೇನೆ, ಅದು ಏನು ಅಂತ ಈಗ ಹೇಳೋದಿಲ್ಲ.

ಮತ್ತೆ ಜೋಡಿಸಿದಾಗ 27 ಬಂತು. ಥರ್ಮೋಕಪಲ್ಲಿನ ನಟ್ ಬೆರಳಲ್ಲಿ ಬಿಗಿ ಮಾಡಿ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು. ಬಿಚ್ಚಿದ ಗ್ಯಾಸ್ ಜಾಯಿಂಟಿಗೆಲ್ಲ ಸೋಪು ನೀರು ಹಚ್ಚಿ ನೋಡಿದೆ.

ಆದರೂ ಆಗಾಗ ಆರುತ್ತಿತ್ತು. ಇದಕ್ಕೇ ತಲೆ ಜಾಸ್ತಿ ಕೆಟ್ಟದ್ದು, ವಾರಗಟ್ಟಲೆ. ಹೊಗೆ ಕೊಳವೆಯ ಹತ್ತಿರದ ಸೇಫ್ಟಿ ಸ್ವಿಚ್ ಇದೇ ಥರ್ಮೋಕಪಲ್ಲಿನ ವಿದ್ಯುತ್ ಹರಿಯುವ ದಾರಿಯಲ್ಲೇ ಇರುತ್ತದೆ. ಅದರ ವೈರಿನ ತುದಿಗಳು ಹಸಿರು ಕಟ್ಟಿದ್ದವು. ಇಪ್ಪತ್ತೇಳು ಮಿಲಿವೋಲ್ಟಲ್ಲಿ ನಡೆಯುವ ಕೆಲಸ ಕೆಡಿಸೋಕೆ ಅಷ್ಟು ತುಕ್ಕು ಧಾರಾಳವಾಯಿತು. ಉಜ್ಜಿ, ಬಿಗಿ ಕೂರಿಸಿದೆ. ಅಂದಿನಿಂದ ಆರಿಲ್ಲ. ಎಷ್ಟೋ ಜನ ಆ ಸ್ವಿಚ್ಚನ್ನೇ ವೈರ್ ಹಾಕಿ ದಾಟಿಸಿಬಿಡುತ್ತಾರೆ, ಅದನ್ನು ಮಾತ್ರ ಮಾಡಬೇಡಿ. ಹೊಗೆ ಕೋಣೆಗೆ ತಿರುಗಿದಾಗ ಗ್ಯಾಸ್ ನಿಲ್ಲಿಸೋದೇ ಅದು. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಅಲಾರಂ ಇಲ್ಲದೆ ನಾನಂತೂ ಹೀಟರ್ ಹಚ್ಚೋದಿಲ್ಲ.

ಇದರ ಮಧ್ಯೆ ಸಿಲಿಂಡರ್ ಮೇಲೂ ಒಂದು ಪ್ರಯೋಗ ಮಾಡಿದೆ. ಕೊರೆಯುವ ಬೆಳಗಿನಲ್ಲಿ ಉರಿ ಸಣ್ಣದಾಗುತ್ತಿತ್ತು, ರೆಗ್ಯುಲೇಟರ್ ಅಂದುಕೊಂಡಿದ್ದೆ. ಸಿಲಿಂಡರಿನಲ್ಲಿದ್ದ ಬ್ಯೂಟೇನ್ ಕುದಿದು ಅನಿಲವಾಗೋದು ಹೆಚ್ಚೂ ಕಡಿಮೆ 0 ಡಿಗ್ರಿಗೆ, ಪ್ರೊಪೇನ್ −42ಕ್ಕೆ, ಅದಕ್ಕೇ ಚಳಿಯಲ್ಲಿ ಬ್ಯೂಟೇನ್ ಸೋಲುತ್ತದೆ. ಪ್ರೊಪೇನ್ ಸಿಲಿಂಡರ್ ತಂದು ಹೊರಗಿಟ್ಟು ಜೋಡಿಸಿದೆ, ಅದಕ್ಕೆ ಸರಿಹೊಂದುವ ರೆಗ್ಯುಲೇಟರಿನ ಜೊತೆಗೇ. ಉರಿ ಮೊದಲಿನಂತೆ ಆಯಿತು.

ಹಚ್ಚುವಾಗ "ಧಪ್" ಅನ್ನುತ್ತಿದ್ದರೆ ಪೈಲಟ್ ಪಕ್ಕದ ಬರ್ನರ್ ತೂತುಗಳನ್ನು ಬ್ರಷ್ ಮಾಡಿ. ದೊಡ್ಡ ಉರಿಯೇ ಹಳದಿಯಾದರೆ ಗಾಳಿ ಒಳಬರುವ ಜಾಗದ ಧೂಳು ತೆಗೆಯಿರಿ. ಸಿಲಿಂಡರ್ ಪ್ರಯೋಗ ಬಿಟ್ಟರೆ ನನಗೆ ಬಿದ್ದದ್ದು ಒಂದು ಸಾದಾ ಮೀಟರ್, ಒಂದು ಬ್ರಷ್ಷಿನ ಖರ್ಚು, ಅವರು ಹೇಳಿದ ವಾಲ್ವಿನ ಹತ್ತನೇ ಒಂದು ಭಾಗವೂ ಇಲ್ಲ.