ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂತಿದ್ಯಾ? ಮೊದ್ಲು ಡೇಟಾ, ಆಮೇಲೆ ಸ್ಕ್ರೂಡ್ರೈವರ್

ತಿಪಟೂರಲ್ಲಿ ಕೊಬ್ಬರಿ ಮಂಡಿ ಲೆಕ್ಕ ಬರಿಯೋ ನಮ್ಮ ಭಾವ ಹೋದ ತಿಂಗಳು ಫೋನ್ ಮಾಡಿ, "ಲ್ಯಾಪ್‌ಟಾಪ್ ಆನ್ ಆಗೋಕೆ ಕಾಲು ಗಂಟೆ ತಗೊಳ್ತಿದೆ ಕಣೋ, ಒಳಗಿಂದ ಏನೋ ಟಿಕ್ ಟಿಕ್ ಅನ್ನತ್ತೆ, ಫಾರ್ಮ್ಯಾಟ್ ಹೊಡೆಸ್ಬಿಡ್ಲಾ?" ಅಂದ್ರು. ನಾನಂದೆ, "ಏನೂ ಮಾಡ್ಬೇಡಿ ಭಾವ, ಶಟ್‌ಡೌನ್ ಮಾಡಿ ಮುಚ್ಚಿಡಿ, ಭಾನುವಾರ ಬರ್ತೀನಿ." ಈ ಮಾತು ನಿಮಗೂ ಅಷ್ಟೇ. ಸಾಯ್ತಿರೋ ಡಿಸ್ಕ್ ಇನ್ನು ಎಷ್ಟು ಹೊತ್ತು ಓಡತ್ತೆ ಅಂತ ಯಾರಿಗೂ ಗೊತ್ತಿರಲ್ಲ, ಇರೋ ಅಷ್ಟು ಹೊತ್ತನ್ನ ಫೈಲ್ ತೆಗಿಯೋಕೆ ಇಟ್ಕೊಳ್ಳಿ, ಟೆಸ್ಟು ರಿಪೇರಿ ಅಂತ ಕಳೀಬೇಡಿ.

ಹಾಗಂತ ಸ್ಲೋ ಆದ ಡಿಸ್ಕೆಲ್ಲಾ ಹೋಗಿದೆ ಅಂತಲ್ಲ. ಟಾಸ್ಕ್ ಮ್ಯಾನೇಜರಲ್ಲಿ ಡಿಸ್ಕ್ 100% ತೋರ್ಸ್ತಿದೆ ಅಂತ ಎಷ್ಟೋ ಜನ ಗಾಬರಿ ಆಗ್ತಾರೆ, 5400 ಆರ್‌ಪಿಎಂ (ನಿಮಿಷಕ್ಕೆ 5400 ಸುತ್ತು ತಿರುಗೋ) ಡಿಸ್ಕಲ್ಲಿ ವಿಂಡೋಸ್ 10 ಓಡಿಸಿದ್ರೆ ಅಪ್‌ಡೇಟ್ ಬಂದಾಗೆಲ್ಲ ಅದೇ ಕಥೆ. ನಿಜವಾಗ್ಲೂ ಹೆದ್ರಬೇಕಾಗಿರೋದು ಬೇರೆ: ಯಾವ್ದೋ ಒಂದೇ ಫೋಲ್ಡರ್ ತೆಗೆದ್ರೆ ಇಡೀ ಮಷೀನ್ ಹ್ಯಾಂಗ್ ಆಗೋದು, ನಿನ್ನೆ ಇದ್ದ ಫೈಲ್ ಇವತ್ತು ಓಪನ್ ಆಗ್ದೇ ಇರೋದು, ಬಯೋಸಲ್ಲಿ (ವಿಂಡೋಸ್ ಏಳೋಕೆ ಮುಂಚೆ ಬರೋ ಸೆಟಪ್ ಸ್ಕ್ರೀನಲ್ಲಿ) ಡಿಸ್ಕ್ ಒಂದ್ಸಲ ಕಂಡು ಇನ್ನೊಂದ್ಸಲ ಕಾಣ್ದೇ ಇರೋದು, ಮತ್ತೆ ಆ ಟಿಕ್ ಟಿಕ್. ಸದ್ದು ಶುರುವಾಗಿದ್ರೆ ಮುಂದಿನ ಪ್ಯಾರಾ ಬಿಟ್ಟು ಸೀದಾ ಡೇಟಾ ಕಡೆ ಹೋಗಿ.

ಸದ್ದಿಲ್ಲ, ಬರೀ ಅನುಮಾನ ಅಂದ್ರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕ್ಕೊಳ್ಳಿ, ಫ್ರೀ, ಡಿಸ್ಕ್ ತನ್ನ ಬಗ್ಗೆ ತಾನೇ ಬರ್ಕೊಂಡಿರೋ ಸ್ಮಾರ್ಟ್ ರಿಪೋರ್ಟನ್ನ ತೋರ್ಸತ್ತೆ. ತುಂಬಾ ಸಾಲು ಇರತ್ತೆ, ನೋಡ್ಬೇಕಾಗಿರೋದು ಮೂರೇ: 05, ಸಿ5, ಸಿ6. ಸೆಕ್ಟರ್ ಅಂದ್ರೆ ಡಿಸ್ಕಲ್ಲಿ ಡೇಟಾ ಕೂರೋ ಪುಟ್ಟ ಜಾಗ. 05 ಅಂದ್ರೆ ಕೆಟ್ಟ ಸೆಕ್ಟರ್ ಬದಲು ಸ್ಪೇರ್ ಸೆಕ್ಟರ್ ಬಳಸಿರೋ ಲೆಕ್ಕ, ಸಿ5 ಅಂದ್ರೆ ಓದೋಕಾಗ್ದೇ ಪೆಂಡಿಂಗ್ ಇಟ್ಟಿರೋವು, ಸಿ6 ಅಂದ್ರೆ ಕೈಬಿಟ್ಟಿರೋವು. ಕೊನೇ ಕಾಲಮ್ಮಲ್ಲಿರೋ ರಾ ವ್ಯಾಲ್ಯೂ ಮೂರಕ್ಕೂ ಸೊನ್ನೆ ಇರ್ಬೇಕು. ಆ ನಂಬರು ಹೆಕ್ಸಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ) ಇರತ್ತೆ ಅನ್ನೋದು ಮರೀಬೇಡಿ, 10 ಅಂತ ಕಂಡ್ರೆ ಅದು 16, ಫಂಕ್ಷನ್ ಮೆನುವಲ್ಲಿ ಡೆಸಿಮಲ್‌ಗೆ ಬದಲಾಯಿಸ್ಕೋಬಹುದು. 05 ಎರಡೋ ಮೂರೋ ಇದ್ದು ವರ್ಷದಿಂದ ಹಾಗೇ ನಿಂತಿದ್ರೆ ಬ್ಯಾಕಪ್ ಇಟ್ಕೊಂಡು ಓಡಿಸ್ಬಹುದು, ವಾರವಾರ ಏರ್ತಿದ್ರೆ ಮುಗೀತು. ಸಿ7 (ಡಿಸ್ಕಿಗೂ ಮಷೀನಿಗೂ ನಡುವೆ ಡೇಟಾ ಓಡಾಡುವಾಗ ಆದ ತಪ್ಪಿನ ಲೆಕ್ಕ) ಒಂದೇ ಏರ್ತಿದ್ರೆ ಮಾತ್ರ ತಪ್ಪು ಸಾಮಾನ್ಯವಾಗಿ ಡಿಸ್ಕಿಂದಲ್ಲ, ಕನೆಕ್ಟರೋ ಕೇಬಲ್ಲೋ ಲೂಸಾಗಿರತ್ತೆ, ತೆಗ್ದು ಗಟ್ಟಿಯಾಗಿ ಹಾಕಿ ನೋಡಿ.

ಈಗ ಡೇಟಾ. ಇಲ್ಲೇ ಎಲ್ರೂ ಎಡವೋದು, ಯಾಕಂದ್ರೆ ಯಾರನ್ನ ಕೇಳಿದ್ರೂ "ಚೆಕ್‌ಡಿಸ್ಕ್ ರನ್ ಮಾಡು" ಅಂತಾರೆ. ದಯವಿಟ್ಟು ಮಾಡ್ಬೇಡಿ. ಅದು ವಿಂಡೋಸ್ ಜೊತೆ ಬರೋ ಡಿಸ್ಕ್ ರಿಪೇರಿ ಟೂಲು, ಪೂರ್ತಿ ರಿಪೇರಿಗೆ ಬಿಟ್ರೆ ಇಡೀ ಡಿಸ್ಕನ್ನ ಮೂಲೆ ಮೂಲೆ ಓದಿ ಫೈಲ್ ಸಿಸ್ಟಮ್ಮನ್ನ ತಿದ್ದತ್ತೆ, ಸುಸ್ತಾಗಿರೋ ಕುದುರೆಗೆ ಇನ್ನೂ ಹತ್ತು ಮೈಲಿ ಓಡು ಅಂದಂಗೆ. ಫ್ರಿಜ್ಜಲ್ಲಿ ಇಟ್ರೆ ಸರಿಹೋಗತ್ತೆ ಅನ್ನೋರ ಮಾತೂ ಕೇಳ್ಬೇಡಿ, ಹೊರಗೆ ತೆಗೆದ ತಕ್ಷಣ ಒಳಗೆ ನೀರಿನ ಪಸೆ ಕಟ್ಟತ್ತೆ. ಡಿಸ್ಕಿನ ಮುಚ್ಚಳ ಬಿಚ್ಚೋದಂತೂ ಬೇಡ್ವೇ ಬೇಡ, ಡೇಟಾ ಓದೋ ಹೆಡ್ಡು ಪ್ಲ್ಯಾಟರ್ (ಡೇಟಾ ಇರೋ, ತಿರುಗೋ ತಟ್ಟೆ) ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ಹಾರ್ತಿರತ್ತೆ, ನಮ್ಮನೆ ಧೂಳು ಅದಕ್ಕೆ ಬಂಡೆಗಲ್ಲು.

ನಾನ್ ಮಾಡೋದು ಇಷ್ಟೇ. ಇನ್ನೊಂದು ಕಂಪ್ಯೂಟರಲ್ಲಿ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ ಇನ್ನೊಂದು ಫ್ರೀ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್ ಮಾಡ್ಕೊಂಡು ಕೆಟ್ಟಿರೋ ಲ್ಯಾಪ್‌ಟಾಪನ್ನ ಅದ್ರಿಂದ ಬೂಟ್ ಮಾಡ್ತೀನಿ, ಇನ್‌ಸ್ಟಾಲ್ ಮಾಡಲ್ಲ ಮತ್ತೆ, ಸುಮ್ನೆ ಪೆನ್‌ಡ್ರೈವಿಂದಾನೇ ಓಡ್ಸೋದು. ವಿಂಡೋಸ್ ಏಳ್ದೇ ಇರೋದ್ರಿಂದ ಡಿಸ್ಕಿಗೆ ಸುಮ್‌ಸುಮ್ನೆ ಕೆಲಸ ಬೀಳಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ಚುಚ್ಚಿ, ಮತ್ತೆ ಸಿಗ್ದೇ ಇರೋದನ್ನ ಮೊದ್ಲು ಎಳ್ಕೊಳ್ಳಿ: ಲೆಕ್ಕ, ಸ್ಕ್ಯಾನ್ ಮಾಡಿದ ಪತ್ರ, ಮಕ್ಕಳ ಫೋಟೋ. ಸಿನಿಮಾ ಕೊನೇಗೆ, ಬರ್ದೇ ಇದ್ರೆ ಹೋಗ್ಲಿ. ಇಡೀ ಡ್ರೈವನ್ನ ಒಂದೇ ಸಲ ಎಳೀಬೇಡಿ, ಫೋಲ್ಡರ್ ಫೋಲ್ಡರ್ ಆಗಿ ಮಾಡಿ, ಒಂದು ಫೈಲ್ ಸಿಕ್ಕಾಕೊಂಡ್ರೆ ಅದನ್ನ ಬಿಟ್ಟು ಮುಂದಕ್ಕೆ ಹೋಗಿ. ಡೆಸ್ಕ್‌ಟಾಪು ಡಾಕ್ಯುಮೆಂಟ್ಸು ಅಷ್ಟೇ ಸಾಕು ಅನ್ಕೋಬೇಡಿ, ಟ್ಯಾಲಿ ಇಟ್ಕೊಳ್ಳೋ ಡೇಟಾ ಫೋಲ್ಡರೇ ಬೇರೆ ಇರತ್ತೆ, ಭಾವಂದು ಮೂರು ವರ್ಷದ ಲೆಕ್ಕ ಅಲ್ಲೇ ಇದ್ದಿದ್ದು. ಡ್ರೈವಿಗೆ ಬಿಟ್‌ಲಾಕರ್ ಬೀಗ ಇದ್ರೆ ರಿಕವರಿ ಕೀ ಕೇಳತ್ತೆ, ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿದ್ರೆ ಅದು ಅಲ್ಲೇ ಸೇವ್ ಆಗಿರೋ ಸಾಧ್ಯತೆ ಜಾಸ್ತಿ, ಫೋನಿಂದಾನೇ ನೋಡ್ಕೋಬಹುದು.

ಕಾಪಿ ಮಾಡೋಕೇ ಬಿಡ್ತಿಲ್ಲ ಅಂದ್ರೆ ಡಿಡಿರೆಸ್ಕ್ಯೂ ಅಂತ ಲಿನಕ್ಸ್ ಟೂಲ್ ಇದೆ, ಹಳೇ ಡಿಸ್ಕನ್ನ ಹಾಗೇ ಹೊಸ ಡಿಸ್ಕಿಗೆ ನಕಲು ಮಾಡತ್ತೆ, ಸುಲಭವಾಗಿ ಓದೋಕಾಗೋ ಜಾಗನೆಲ್ಲ ಮೊದ್ಲು ಓದ್ಕೊಂಡು ಕಷ್ಟದ್ದನ್ನ ಕೊನೇಗೆ ಇಟ್ಕೊಳತ್ತೆ, ಎಲ್ಲೀವರೆಗೆ ಆಯ್ತು ಅಂತ ಬರ್ಕೊಳ್ಳೋಕೆ ಮ್ಯಾಪ್ ಫೈಲ್ ಕೊಟ್ಟಿದ್ರೆ ಮಧ್ಯ ನಿಂತ್ರೂ ಅಲ್ಲಿಂದಾನೇ ಮುಂದುವರಿಯತ್ತೆ. ಆದ್ರೆ ಯಾವ್ದು ಹಳೇದು ಯಾವ್ದು ಹೊಸ್ದು ಅಂತ ಹೆಸರು ಅದಲುಬದಲು ಕೊಟ್ರೆ ಎಲ್ಲಾ ಅಳ್ಸೋಗತ್ತೆ, ಎರಡ್ಸಲ ನೋಡಿ ಎಂಟರ್ ಒತ್ತಿ. ಡಿಸ್ಕ್ ಬರೀ ಟಿಕ್ ಟಿಕ್ ಅಂತ ಕಾಣೋದೇ ಇಲ್ಲ, ಡೇಟಾ ಬೇಕೇಬೇಕು ಅನ್ನೋದಾದ್ರೆ ಕೈ ಹಾಕ್ಬೇಡಿ, ರಿಕವರಿ ಲ್ಯಾಬ್ ನೋಡಿ, ದುಡ್ಡು ಜಾಸ್ತೀನೇ.

ಬದಲಿಗೆ ಮತ್ತೆ ಹಾರ್ಡ್ ಡಿಸ್ಕ್ ತರ್ಬೇಡಿ, ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ, ಚಿಪ್ಪಲ್ಲೇ ಡೇಟಾ ಇಡೋ ಡಿಸ್ಕ್) ತನ್ನಿ. ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಹತ್ರ ಓದಿದ್ರೆ ಸಾಟಾ (ಹಾರ್ಡ್ ಡಿಸ್ಕಿನ ಕನೆಕ್ಟರೇ ಇರೋ) ಎಸ್‌ಎಸ್‌ಡಿ 500 ದಾಟತ್ತೆ, ಹಳೇ ಮಷೀನಿಗೆ ಇದಕ್ಕಿಂತ ಒಳ್ಳೇ ಖರ್ಚಿಲ್ಲ. ಹಳೇ ಡಿಸ್ಕ್ ಇದ್ದ ಜಾಗಕ್ಕೆ ಎರಡೂವರೆ ಇಂಚಿನ ಸಾಟಾ ಕೂರತ್ತೆ. ಚೂಯಿಂಗ್ ಗಮ್ ಪಟ್ಟಿ ಥರದ ಎಂ.2 ಸ್ಲಾಟ್ ಇದ್ರೆ ಮಾಡೆಲ್ ನಂಬರ್ ಹಾಕಿ ಮೊದ್ಲು ಹುಡ್ಕಿ, ಯಾಕಂದ್ರೆ ಕೆಲವು ಹಳೇ ಮಷೀನಲ್ಲಿ ಆ ಸ್ಲಾಟ್ ಸಾಟಾಗೆ ಮಾತ್ರ, ಎನ್‌ವಿಎಂಇ (ಸಾಟಾಗಿಂತ ವೇಗದ ಇನ್ನೊಂದು ಬಗೆ ಎಸ್‌ಎಸ್‌ಡಿ) ಹಾಕಿದ್ರೆ ಕೂತ್ಕೊಳತ್ತೆ ಆದ್ರೆ ಕಾಣಲ್ಲ. ಬೆಂಗ್ಳೂರಿನ ಎಸ್.ಪಿ. ರೋಡಲ್ಲಿ ತಗೊಂಡ್ರೂ ಆನ್‌ಲೈನಲ್ಲಿ ತಗೊಂಡ್ರೂ ಬಿಲ್ ಬಿಡ್ಬೇಡಿ.

ಬಿಚ್ಚೋದು ಅಂಥಾ ಬ್ರಹ್ಮವಿದ್ಯೆ ಏನಲ್ಲ. ಚಾರ್ಜರ್ ತೆಗೀರಿ, ಬ್ಯಾಟರಿ ಹೊರಗಿದ್ರೆ ಅದನ್ನೂ ತೆಗೀರಿ. ಸ್ಕ್ರೂ ಉದ್ದ ಗಿಡ್ಡ ಎರಡೂ ಇರತ್ತೆ, ಗಿಡ್ಡ ತೂತಿಗೆ ಉದ್ದದ್ದು ಬಿಗಿದ್ರೆ ಮೇಲ್ಗಡೆ ಕೈ ಇಡೋ ಜಾಗದಲ್ಲಿ ಗುಳ್ಳೆ ಏಳತ್ತೆ, ಅದಕ್ಕೆ ನಾನು ಅಕ್ಕನ ಇಡ್ಲಿ ತಟ್ಟೆ ತಗೊಂಡು ಒಂದೊಂದು ಮೂಲೆ ಸ್ಕ್ರೂಗೆ ಒಂದೊಂದು ಗುಳಿ ಅಂತ ಇಟ್ಟೆ, ಅಕ್ಕ ಬೈದ್ಲು, ಅದು ಬೇರೆ ವಿಷ್ಯ. ಎಲ್ಲಾ ಬಿಚ್ಚಿದ್ರೂ ಮುಚ್ಚಳ ಬರ್ತಿಲ್ಲ ಅಂದ್ರೆ ಜಗ್ಗಬೇಡಿ, ರಬ್ಬರ್ ಕಾಲಿನ ಕೆಳಗೋ ಡಿವಿಡಿ ಡ್ರೈವ್ ಸಂದೀಲೋ ಒಂದು ಬಚ್ಚಿಟ್ಕೊಂಡಿರತ್ತೆ. ಸಂದು ಬಿಡ್ಸೋಕೆ ಹಳೇ ಎಟಿಎಂ ಕಾರ್ಡ್ ಸಾಕು. ತೆಗೆದ ತಕ್ಷಣ ಒಂದು ಫೋಟೋ ಹೊಡ್ಕೊಳ್ಳಿ, ಒಳಗಿನ ಬ್ಯಾಟರಿ ಕನೆಕ್ಟರ್ ಕಿತ್ತು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡೀರಿ, ಆಮೇಲೆ ಡಿಸ್ಕನ್ನ ಮೇಲಕ್ಕಲ್ಲ, ಪಕ್ಕಕ್ಕೆ ಎಳೀರಿ. ಅದರ ಸುತ್ತ ಇರೋ ತಗಡಿನ ಫ್ರೇಮು, ರಬ್ಬರು ಹೊಸದಕ್ಕೆ ಬೇಕು, ಬಿಸಾಕ್ಬೇಡಿ.

ಕೆಟ್ಟ ಸೆಕ್ಟರ್ ಇರೋ ಡಿಸ್ಕಿಂದ ವಿಂಡೋಸನ್ನ ಕ್ಲೋನ್ (ಇದ್ದ ಹಾಗೇ ನಕಲು) ಮಾಡ್ಬೇಡಿ, ಕೊಳೆತದ್ದನ್ನೂ ಜೊತೆಗೆ ತಂದಂಗೆ, ವಿಂಡೋಸ್ ಹೊಸದಾಗೇ ಹಾಕಿ. ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡ್ಕೊಡೋ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿಗೆ 8 ಜಿಬಿ ಪೆನ್‌ಡ್ರೈವ್ ಸಾಕು. ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿರೋದ್ರಿಂದ ಮೊದ್ಲಿದ್ದ ಎಡಿಷನ್ನೇ ಹಾಕಿದ್ರೆ ನೆಟ್ ಸಿಕ್ಕಿದ ಮೇಲೆ ಸಾಮಾನ್ಯವಾಗಿ ತಾನೇ ಆಕ್ಟಿವೇಟ್ ಆಗತ್ತೆ. ವಿಂಡೋಸ್ 10 ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, 11ಕ್ಕೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ಅದಿಲ್ಲದ ಮಷೀನಿಗೆ ನನ್ ಪ್ರಕಾರ ಮಿಂಟೇ ವಾಸಿ, ಆದ್ರೆ ಟ್ಯಾಲಿ ಬೇಕು ಅನ್ನೋ ಭಾವಂಗೆ ಇದನ್ನ ಹೇಳೋಕಾಗಲ್ಲ. ಭಾವಂದು ಪುಣ್ಯಕ್ಕೆ 11 ಹಿಡೀತು.

ಎಲ್ಲಾ ಮುಗ್ದು ಬೆಂಗ್ಳೂರಿಗೆ ಬಂದ್ಮೇಲೆ ಮತ್ತೆ ಫೋನು: "ಫೈಲೆಲ್ಲಾ ಕೆಟ್ಟೋಗಿದೆ ಕಣೋ, ಓಪನ್ ಮಾಡಿದ್ರೆ ಬರೀ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಬಂದಿದೆ." ಕೆಟ್ಟಿರ್ಲಿಲ್ಲ, ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ವರ್ಷನ್ನಲ್ಲಿ ಟೈಪ್ ಮಾಡಿದ ಫೈಲುಗಳು ಅವು, ಎಲ್ಲಾ ಕಂಪ್ಯೂಟರಲ್ಲೂ ಓದೋಕಾಗೋ ಯೂನಿಕೋಡ್ ಅಲ್ಲ, ಹೊಸ ವಿಂಡೋಸಲ್ಲಿ ಆ ಫಾಂಟ್ ಇರ್ಲಿಲ್ಲ ಅಷ್ಟೇ. ನುಡಿ ಹಾಕಿದ ಮೇಲೆ ಕನ್ನಡ ವಾಪಸ್ ಬಂತು. ಇಂಥದ್ದೇನಾದ್ರೂ ತಡವಾಗಿ ನೆನಪಾಗತ್ತೆ ಅಂತಾನೇ ಹಳೇ ಡಿಸ್ಕನ್ನ ಎರಡು ತಿಂಗಳು ಬಟ್ಟೇಲಿ ಸುತ್ತಿ ಇಟ್ಕೊಂಡಿರಿ. ಆಮೇಲೂ ಹಂಗೇ ಗುಜರಿಗೆ ಹಾಕ್ಬೇಡಿ, ಬ್ಯಾಂಕ್ ಸ್ಟೇಟ್‌ಮೆಂಟು ಆಧಾರು ಎಲ್ಲಾ ಅದ್ರಲ್ಲೇ ಇದೆ, ಅಳಿಸೋಕೆ ಹೋದ್ರೂ ಕೆಟ್ಟ ಸೆಕ್ಟರಲ್ಲಿರೋದು ಅಳಿಯತ್ತೆ ಅನ್ನೋ ಗ್ಯಾರಂಟಿ ಇಲ್ಲ, ಡ್ರಿಲ್ ಇದ್ರೆ ಪ್ಲ್ಯಾಟರ್ ದಾಟೋ ಹಾಗೆ ನಾಲ್ಕು ತೂತು ಹೊಡೆದು ಇ-ವೇಸ್ಟಿಗೆ ಕೊಡಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡು ಹೊಡೀರಿ, ಕೆಲವು ಪ್ಲ್ಯಾಟರ್ ಗಾಜಿಂದಿರತ್ತೆ.